ಇಪ್ಪತ್ತೇಳನೇ ಪುಟದ ಚಿಟ್ಟೆ

ಮಾರ್ಚ್ 2, ಬೆಳಿಗ್ಗೆ ಹತ್ತೂವರೆ

ಯಾರದು ಈ ಪುಸ್ತಕ ಬಿಚ್ಚಿದ್ದು? ಮುಚ್ಚು. ಮುದುಕಿಯ ದಿಂಬಿನ ಕೆಳಗೆ ಕೈಹಾಕಿ ಎಳೆದು ಓದುವಷ್ಟು ಬಿಡುವಿದ್ದರೆ ಹೋಗಿ ಸಿಂಕ್ ತಿಕ್ಕು, ಎರಡು ದಿನದಿಂದ ಜಿಡ್ಡು ಹಿಡಿದಿದೆ. ಮಗಳೇ, ನೀನಾಗಿದ್ದರೆ ಎರಡು ಸಲ ಮುಚ್ಚು. ಇದು ನಿನಗೆ ಬರೆದದ್ದಲ್ಲ. ಯಾರಿಗೂ ಅಲ್ಲ. ಬಾಯಿಗೆ ಬಂದದ್ದನ್ನು ಬಾಯಲ್ಲೇ ಹೇಳಿದರೆ ಈ ಮನೆಯಲ್ಲಿ ಜಗಳವಾಗುತ್ತದೆ, ಅದಕ್ಕೆ ಬರೆಯುವುದು.

ಮೊಮ್ಮಗಳ ಪ್ರಕೃತಿ ಪಾಠದ ಚಿತ್ರಪುಸ್ತಕದ ಜೊತೆ ಎರಡು ನೋಟ್‌ಬುಕ್ ಬಂದವು. ಒಂದು ಮಗುವಿಗೆ, ಒಂದು ದೊಡ್ಡವರಿಗೆ. ಮಗಳು ತನ್ನದನ್ನು ರದ್ದಿಗೆ ಹಾಕಿದ್ದಳು. ಎತ್ತಿಕೊಂಡೆ. ಪ್ರತಿ ಪುಟದ ತಲೆಯ ಮೇಲೆ ‘ಇಂದು ನಾನು ನೋಡಿದ್ದು’ ಎಂದು ಅಚ್ಚು. ಮೂಲೆಯಲ್ಲಿ ಒಂದು ಕೆಂಪು ಹುಳ, ಹಲ್ಲು ಕಿರಿಯುತ್ತಿದೆ. ಎಪ್ಪತ್ತೊಂದು ವರ್ಷದಲ್ಲಿ ಹಲ್ಲು ಕಿರಿದ ಹುಳ ನಾನು ನೋಡಿಲ್ಲ. ಪಕ್ಕದಲ್ಲಿ ‘ಹವಾಮಾನ’ ಅಂತ ಚೌಕ. ತುಂಬಿಸಿದೆ — ಸೆಕೆ. ಮನೆಯೊಳಗೆ ಇನ್ನೂ ಜಾಸ್ತಿ.

ಇಂದು ನಾನು ನೋಡಿದ್ದು: ಬಾಲ್ಕನಿಯ ನಿಂಬೆ ಗಿಡಕ್ಕೆ ಹುಳ ಬಿದ್ದಿದೆ. ಹಕ್ಕಿಯ ಹಿಕ್ಕೆಯ ಹಾಗೆ ಕಪ್ಪು, ಬಿಳಿ. ಮೊದಲು ಕಂಡವಳು ಮೊಮ್ಮಗಳು. ಎಂಟು ವರ್ಷ. ನಡೆಯಲು ಕಲಿತಾಗಿನಿಂದ ನೆಲ ನೋಡಿಕೊಂಡೇ ನಡೆಯುತ್ತಾಳೆ, ಅದಕ್ಕೆ ಎಲ್ಲರೂ ಕರೆಯುವುದು ಇರುವೆ ಅಂತ. ಶಾಲೆಯಲ್ಲಿದ್ದಾಗ ‘ಈ ಮಗು ಕಿಟಕಿ ಬಿಟ್ಟು ಬೇರೆಲ್ಲೂ ನೋಡುವುದಿಲ್ಲ’ ಎಂದು ಟೀಚರ್ ಮೂರು ಸಲ ಚೀಟಿ ಕಳಿಸಿದಳು. ಮೂರನೇ ಚೀಟಿಗೆ ಮಗಳು ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಶುರು ಮಾಡಿದಳು. ನಾನು ಬೇಡ ಅನ್ನಲಿಲ್ಲ. ಆದರೆ ವರ್ಷಕ್ಕೊಮ್ಮೆ ಕಚೇರಿಯಿಂದ ತಪಾಸಣೆಯವಳು ಬಂದು ನೋಟ್‌ಬುಕ್ ತಿರುವಿ ಸಹಿ ಹಾಕಬೇಕು. ಈ ಸಲ ಮೇ ತಿಂಗಳಲ್ಲಿ. ಸಹಿ ಬೀಳದಿದ್ದರೆ ಮಗು ವಾಪಸ್ ಅದೇ ಶಾಲೆಗೆ, ಅದೇ ಕಿಟಕಿಗೆ.

ಇರುವೆ ಕುಣಿದಳು. ಇದು ಚಿಟ್ಟೆಯಾಗುತ್ತಾ ಅಂದಳು. ಆಗುತ್ತದೆ, ನಾಲ್ಕು ದಿನ ಬಿಟ್ಟರೆ ಹಸಿರಾಗುತ್ತದೆ ನೋಡು ಅಂದೆ. ಮಗಳು ಪುಸ್ತಕ ಬಿಚ್ಚಿದಳು. ಪುಸ್ತಕದ ಹುಳ ಹುಟ್ಟುವಾಗಲೇ ಹಸಿರು. ಹಾಗಾಗಿ ಇದು ಬೇರೆ ಏನೋ ಅಂತ ತೀರ್ಮಾನ. ನಾನು ಬಿಡಲಿಲ್ಲ. ಆಗ ಅಂದಳು, ಮಗುವಿನ ಎದುರಿಗೇ —

“ಅಮ್ಮ, ಅದನ್ನ ಓದಿದವರು ಬರೆದಿರ್ತಾರೆ. ನೀನು ಸ್ವಲ್ಪ ಸುಮ್ನಿರು.”

ಸುಮ್ಮನಿರುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇವತ್ತಿನಿಂದ ಬಾಯಿಗೆ ಬೀಗ.

ಮಾರ್ಚ್ 6

ಹುಳ ಹಸಿರಾಗಿದೆ.

ಅಮ್ಮ ನೀನು ಹೇಳಿದ್ದು ಸರಿ ಅಂತ ಯಾರಾದರೂ ಅಂದರಾ? ಇಲ್ಲ. ಮಗಳು ಪುಸ್ತಕದ ಪಕ್ಕ ಹುಳ ಹಿಡಿದು, ಈಗ ಸರಿಯಾಯಿತು ಎಂದಳು. ಹುಳ ಪುಸ್ತಕ ನೋಡಿ ತಿದ್ದಿಕೊಂಡ ಹಾಗೆ.

ಜಾಮ್ ಬಾಟಲಿಗೆ ಕಡ್ಡಿ ನಿಲ್ಲಿಸಿ, ಎಲೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿದ್ದಾರೆ. ‘ಚಟುವಟಿಕೆ ಒಂಬತ್ತು’ ಅಂತೆ. ಇರುವೆ ಬೆರಳು ತಾಗಿಸಿದಳು. ಹುಳ ತಲೆಯಿಂದ ಎರಡು ಕೆಂಪು ಕೊಂಬು ಹೊರಹಾಕಿ ಗಬ್ಬು ವಾಸನೆ ಬಿಟ್ಟಿತು. ಅವಳು ಬೆರಳು ಮೂಸಿ ಮೂಸಿ ನಕ್ಕಳು. ನನ್ನ ಮೂಗಿಗೂ ತಂದು ಹಿಡಿದಳು.

ನಾನು ಮುಖ ತಿರುಗಿಸಿದೆ. ಆ ವಾಸನೆ ನನಗೆ ಹೊಸದಲ್ಲ.

ಮಾರ್ಚ್ 9, ಮಧ್ಯಾಹ್ನ

ಹುಳ ತಿನ್ನುವುದು ಬಿಟ್ಟಿತು. ಹೊಟ್ಟೆ ಖಾಲಿ ಮಾಡಿಕೊಂಡು ಕಡ್ಡಿ ಹತ್ತಿತು. ಮಗಳು ಆನ್‌ಲೈನ್‌ನಲ್ಲಿ ಯಾರದೋ ಲೆಕ್ಕಪತ್ರ ಟೈಪ್ ಮಾಡುವ ಕೆಲಸಕ್ಕೆ ಕೂತಿದ್ದಳು. ಇರುವೆ ಗಣಿತಕ್ಕೆ. ನೋಡುತ್ತಿದ್ದವಳು ನಾನೊಬ್ಬಳೇ.

ಮೊದಲು ಬಾಲ ಅಂಟಿಸಿತು. ತಲೆ ಮೇಲೆ ಮಾಡಿ ನಿಂತಿತು. ಆಮೇಲೆ ಬಾಯಿಂದ ದಾರ ಎಳೆದು, ತಲೆ ಆಚೆ ಈಚೆ ಮಾಡುತ್ತಾ, ಕಡ್ಡಿಗೂ ತನಗೂ ಸೇರಿಸಿ ಒಂದು ಕುಣಿಕೆ ಮಾಡಿತು. ಎಳೆ ಮೇಲೆ ಎಳೆ. ಕೊನೆಗೆ ಆ ಕುಣಿಕೆಯೊಳಗೆ ಮೈ ತೂರಿಸಿ ಹಿಂದಕ್ಕೆ ಒರಗಿತು. ಥೇಟ್ ನಮ್ಮ ಅಳಿಯ. ಅವನ ಕೆಲಸ ಇಪ್ಪತ್ತು ಅಂತಸ್ತಿನ ಕಟ್ಟಡಗಳ ಗಾಜು ಒರೆಸುವುದು. ಸೊಂಟದ ಬೆಲ್ಟಿಗೆ ಭಾರ ಬಿಟ್ಟು ಹೀಗೇ ಹಿಂದಕ್ಕೆ ಒರಗುತ್ತಾನೆ. ಒಂದು ಸಲ ಕೆಳಗೆ ನಿಂತು ನೋಡಿದ್ದೇನೆ, ಎರಡನೇ ಸಲ ನೋಡಲು ಎದೆ ಗಟ್ಟಿಯಿಲ್ಲ.

ಹೇಳಬೇಕು ಅನ್ನಿಸಿತು. ಬೀಗ.

ಮಾರ್ಚ್ 10

ರಾತ್ರಿ ಕಳೆಯುವುದರಲ್ಲಿ ಹುಳದ ಚರ್ಮ ಕಳಚಿ ಹಸಿರು ಗೂಡಾಗಿದೆ. ಇರುವೆ ಎದ್ದವಳೇ ಬಾಟಲಿ ಎತ್ತಿಕೊಂಡು ನನ್ನ ಮಂಚಕ್ಕೆ ಬಂದಳು.

“ಅಜ್ಜಿ, ಇದರ ಸೊಂಟಕ್ಕೆ ಈ ದಾರ ಯಾಕೆ?”

ಅವಳ ಅಮ್ಮ ಬಾಗಿಲಲ್ಲೇ ಇದ್ದಳು. ಕೇಳಿಸಲಿ ಅಂತ ಗಟ್ಟಿಯಾಗಿಯೇ ಹೇಳಿದೆ —

“ಪುಸ್ತಕ ಕೇಳು.”

ಮಗಳ ಮುಖ ನೋಡಬೇಕಿತ್ತು. ಎಂಟು ದಿನದ ಹೊಟ್ಟೆಯುರಿ ಒಂದೇ ಮಾತಿಗೆ ಆರಿತು. ಕಾಫಿ ರುಚಿಯಾಗಿತ್ತು.

ಮಾರ್ಚ್ 11, ಸಂಜೆ

ಪುಸ್ತಕ ಕೇಳಿದರು.

ಇಪ್ಪತ್ತೇಳನೇ ಪುಟ. ಬೆರಳಿಟ್ಟು ಓದಿದೆ. ‘ಎಲ್ಲ ಚಿಟ್ಟೆಗಳ ಕೋಶಗಳೂ ತಲೆಕೆಳಗಾಗಿ ನೇತಾಡುತ್ತವೆ.’ ಕೆಳಗೆ ಬಣ್ಣದ ಚಿತ್ರ, ಕೊಂಬೆಯಿಂದ ತೂಗುವ ಗೂಡು. ಚೆಂದ ಬರೆದಿದ್ದಾರೆ, ಸುಳ್ಳು ಹೇಳಬಾರದು. ಅಂಥ ಗೂಡುಗಳೂ ಇವೆ, ನಾನೂ ಕಂಡಿದ್ದೇನೆ. ಆದರೆ ‘ಎಲ್ಲ’ ಅಂತ ಬರೆದ ಕೈ ನಿಂಬೆ ಗಿಡ ಮುಟ್ಟಿಲ್ಲ.

ನಮ್ಮದು ತಲೆ ಮೇಲಾಗಿ ಕೂತಿತ್ತಲ್ಲ. ಅಂದರೆ ನಮ್ಮದೇ ತಪ್ಪು. ದಾರ ಯಾವುದೋ ಜೇಡನ ಬಲೆ ಇರಬೇಕು, ಪಾಪ, ಸಿಕ್ಕಿಕೊಂಡಿದೆ ಎಂದಾಯಿತು. ಮಗಳು ಬಾಟಲಿ ಹಿಡಿದುಕೊಂಡಳು. ಇರುವೆ ಉಗುರು ಕತ್ತರಿಯಿಂದ ದಾರ ಕತ್ತರಿಸಿದಳು. ಬಾಲವನ್ನು ಬಿಡಿಸಿ, ಬಾಟಲಿಯ ಬಾಯಿಯ ಬಟ್ಟೆಗೆ ಟೇಪ್ ಹಚ್ಚಿ ತಲೆಕೆಳಗು ಮಾಡಿ ತೂಗುಹಾಕಿದರು. ಪುಸ್ತಕದ ಹಾಗೇ.

ನಾನು ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಬಂದಾಗ ಕೆಲಸ ಮುಗಿದಿತ್ತು. ಹೇಳಲಿಲ್ಲ. ಈಗ ಹೇಳಿದರೆ ಅದು ಮತ್ತೆ ಕೂಡುತ್ತದಾ? ಮತ್ತೆ, ನನ್ನನ್ನು ಯಾರು ಕೇಳಿದರು?

ಕೇಳಿದ್ದಳು. ನಿನ್ನೆ.

ಮಾರ್ಚ್ 15

ಟೇಪ್ ಬಿಟ್ಟಿದೆ. ಗೂಡು ಬಾಟಲಿಯ ತಳದಲ್ಲಿ ಬಿದ್ದಿದೆ. ಮಗಳು ಮತ್ತೆ ಅಂಟಿಸಿದಳು. ಮತ್ತೆ ಬಿತ್ತು. ಇರಲಿ ಬಿಡು, ಒಳಗೆ ಬೆಚ್ಚಗಿರುತ್ತೆ ಅಂದಳು.

ಬೆಚ್ಚಗಂತೆ.

ಮಾರ್ಚ್ 20, ಬೆಳಿಗ್ಗೆ ಒಂಬತ್ತು

ಹುಟ್ಟಿತು. ಹುಟ್ಟಿದ್ದೇ ದಂಡ.

ಹೊರಗೆ ಬಂದ ಚಿಟ್ಟೆಗೆ ಹತ್ತಲು ಒಂದು ಹಿಡಿತ ಬೇಕು. ಹತ್ತಿ, ನೇತಾಡಿ, ಒದ್ದೆ ರೆಕ್ಕೆ ಇಳಿಬಿಟ್ಟು ಒಣಗಿಸಿಕೊಳ್ಳಬೇಕು. ಇದು ಕಡ್ಡಿ ತಲುಪಲೇ ಇಲ್ಲ. ಗಾಜು ಜಾರುತ್ತಿತ್ತು. ಹತ್ತುವುದು, ಬೀಳುವುದು. ನಾವು ಎದ್ದು ನೋಡುವಷ್ಟರಲ್ಲಿ ರೆಕ್ಕೆ ಮುದುರಿದ ಹಾಗೇ ಒಣಗಿತ್ತು. ಮುಷ್ಟಿಯಲ್ಲಿ ಹಿಂಡಿ ಎಸೆದ ಕಾಗದದ ಹಾಗೆ. ಕಪ್ಪು ಮೈ, ಮೇಲೆ ಹಳದಿ ಮಚ್ಚೆ, ಬಾಲದ ಹತ್ತಿರ ಕೆಂಪು. ಎಲ್ಲ ಬಣ್ಣ ಸರಿ ಇದೆ. ಹಾರುವುದೊಂದಿಲ್ಲ.

ಇರುವೆ ಕೇಳಿದಳು, ಇಸ್ತ್ರಿ ಮಾಡಿದ ಹಾಗೆ ಬಿಡಿಸಬಹುದಾ ಅಂತ.

ನಾನು ಸೀದಾ ಅಡುಗೆಮನೆಗೆ ಹೋದೆ. ಮಗಳು ಪಾತ್ರೆ ತೊಳೆಯುತ್ತಿದ್ದಳು. ಬೀಗ ಮುರಿಯಿತು. ಮುರಿದರೆ ನೆಟ್ಟಗೆ ಮುರಿಯುತ್ತದಾ ನನ್ನದು?

“ಅದು ಜೇಡನ ಬಲೆ ಅಲ್ಲ ಕಣೇ, ಅದರ ಬೆಲ್ಟು. ನಿನ್ನ ಗಂಡ ಇಪ್ಪತ್ತನೇ ಮಹಡಿಯಲ್ಲಿ ನೇತಾಡ್ತಿರುವಾಗ ಅವನ ಬೆಲ್ಟೂ ಹೀಗೇ ಕತ್ತರಿಸ್ತೀಯಾ, ಪುಸ್ತಕದಲ್ಲಿ ಬರೆದಿದ್ರೆ?”

ಮಗಳು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ನೋಡಿದಳು.

ಹಿಂದೆ ಇರುವೆ ನಿಂತಿದ್ದಳು. ಕೈಯಲ್ಲಿ ಬಾಟಲಿ.

ಮಾರ್ಚ್ 21

ಮಾತಿಲ್ಲ. ಊಟಕ್ಕೆ ಕರೆದರೆ ಇರುವೆ ಬರುತ್ತಾಳೆ, ತಿನ್ನುತ್ತಾಳೆ, ಎದ್ದು ಹೋಗುತ್ತಾಳೆ. ಸಕ್ಕರೆ ನೀರಿಗೆ ಹತ್ತಿ ಅದ್ದಿ ಚಿಟ್ಟೆಗೆ ಕುಡಿಸುತ್ತಾಳೆ. ಅದರ ಸುರುಳಿ ನಾಲಿಗೆಯನ್ನು ಗುಂಡುಸೂಜಿಯಿಂದ ಮೆಲ್ಲಗೆ ಬಿಡಿಸುತ್ತಾಳೆ. ಎಂಟು ವರ್ಷದ ಕೈ, ನಡುಗುವುದಿಲ್ಲ. ನೆಲ ನೋಡುವುದನ್ನು ಬಿಟ್ಟಿದ್ದಾಳೆ. ಕಿಟಕಿಯನ್ನೂ.

ಮಗಳಿಗೂ ನನಗೂ ಮಾತಿಲ್ಲ. ಅಳಿಯನಿಗೆ ಯಾರೂ ಏನೂ ಹೇಳಿಲ್ಲ. ಬಂದವನು ಇಷ್ಟು ನಿಶ್ಶಬ್ದ ಈ ಮನೆಯಲ್ಲಿ ಹೊಸದು, ಯಾರಿಗಾದರೂ ಲಾಟರಿ ಹೊಡೆಯಿತಾ ಎಂದು ಕೇಳಿದ.

ಮಾರ್ಚ್ 23

ಅಳಿಯನ ಬೆಲ್ಟ್ ಕಾಣೆ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಾನೆ, ಹನ್ನೊಂದು ವರ್ಷದಿಂದ ಅದೇ ಜಾಗ. ಮನೆಯೆಲ್ಲ ತಲೆಕೆಳಗಾಯಿತು. ಬೆಲ್ಟ್ ಇಲ್ಲದೆ ಮೇಲೆ ಹತ್ತಿಸುವುದಿಲ್ಲವಂತೆ, ಮೇಸ್ತ್ರಿ ಮನೆಗೆ ಕಳಿಸಿದ. ಮಧ್ಯಾಹ್ನವೇ ವಾಪಸ್ ಬಂದ. ಇರುವೆ ಓಡಿಹೋಗಿ ಅವನ ಕಾಲು ತಬ್ಬಿಕೊಂಡಳು. ಇವತ್ತು ಹೋಗಲಿಲ್ಲ ತಾನೇ, ಹೋಗಲಿಲ್ಲ ತಾನೇ — ಇಷ್ಟೇ ಮಾತು.

ನನಗೆ ಆಗಲೇ ಗೊತ್ತಾಯಿತು.

ಮಾರ್ಚ್ 24

ಸಿಕ್ಕಿತು. ಅವಳ ಹಾಸಿಗೆಯ ಕೆಳಗೆ, ಹಳೇ ದಿಂಬಿನ ಕವರಿನೊಳಗೆ. ಮನೆಯಲ್ಲಿದ್ದ ಮೂರು ಕತ್ತರಿಗಳೂ ಅದರ ಜೊತೆಗೇ. ಉಗುರು ಕತ್ತರಿಯನ್ನು ರಬ್ಬರ್ ಬ್ಯಾಂಡ್ ಸುತ್ತಿ ಸುತ್ತಿ ಬಾಯಿ ಕಟ್ಟಿದ್ದಾಳೆ.

ಅಳಿಯ ನೆಲದ ಮೇಲೆ ಅವಳ ಪಕ್ಕ ಕೂತು ಬೆಲ್ಟಿನ ಹೊಲಿಗೆ, ಕೊಂಡಿ, ಎರಡನೇ ಹಗ್ಗ ಎಲ್ಲ ತೋರಿಸಿದ. ಒಂದು ಹೋದರೆ ಇನ್ನೊಂದು ಹಿಡಿಯುತ್ತೆ ಪುಟ್ಟಾ ಅಂದ. ಅವಳು ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ —

“ಅದಕ್ಕೆ ಎರಡನೇದು ಇತ್ತಾ?”

ಅಳಿಯ ನನ್ನ ಕಡೆ ನೋಡಿದ. ನಾನು ಎದ್ದು ಬಾಲ್ಕನಿಗೆ ಬಂದೆ.

ಈ ನಾಲಿಗೆಗೆ ಏನು ಮಾಡಲಿ? ಯಾವತ್ತು ಆಡಬೇಕೋ ಅವತ್ತು ಆಡಲಿಲ್ಲ. ಯಾವತ್ತು ಆಡಬಾರದೋ ಅವತ್ತು ಚಾಕುವಿನ ಹಾಗೆ ಹೊರಬಂತು. ಪುಸ್ತಕ ಕೇಳು! ಮಗು ನನ್ನನ್ನು ಕೇಳಿತ್ತು. ಮಗಳ ಮೇಲಿನ ಸಿಟ್ಟನ್ನು ಮಗುವಿನ ಪ್ರಶ್ನೆಯ ಮೇಲೆ ತೀರಿಸಿಕೊಂಡೆ. ಕಾಫಿ ರುಚಿಯಾಗಿತ್ತು ಅಂತ ಬೇರೆ ಬರೆದಿದ್ದೇನೆ. ಆ ಸಾಲು ಹೊಡೆದುಹಾಕಲು ಹೋದೆ. ಬೇಡ, ಇರಲಿ, ನಾಚಿಕೆಯಾಗಲಿ.

ಮಾರ್ಚ್ 26, ಮಧ್ಯಾಹ್ನ ಮೂರು

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ.

ಇರುವೆಯ ನೋಟ್‌ಬುಕ್‌ನಲ್ಲಿ ಕೊನೆಯ ಚೌಕ ಖಾಲಿ ಇತ್ತು. ‘ನನ್ನ ಚಿಟ್ಟೆ ಹಾರಿಹೋಯಿತು! ಅದರ ಚಿತ್ರ ಬರೆ.’ ಮಗಳು ನಾಲ್ಕು ದಿನದಿಂದ ಬರೆ ಬರೆ ಅನ್ನುತ್ತಿದ್ದಳು. ಮೇ ಹತ್ತಿರ ಬಂತು, ತಪಾಸಣೆಯವಳು ಖಾಲಿ ಪುಟ ಕಂಡರೆ ಕೆದಕುತ್ತಾಳೆ. ಮಗು ಬರೆಯಲಿಲ್ಲ. ಇವತ್ತು ನೋಡಿದರೆ ಆ ಚೌಕದಲ್ಲಿ ಚಿಟ್ಟೆ ಬಂದು ಕೂತಿದೆ. ಕಿತ್ತಳೆ ಬಣ್ಣದ್ದು. ರೆಕ್ಕೆ ಅಗಲಿಸಿ, ಮೋಡದ ಪಕ್ಕ ಹಾರುತ್ತಿದೆ. ಪುಸ್ತಕದ ಚಿತ್ರದ ಮೇಲೆ ತೆಳು ಕಾಗದ ಇಟ್ಟು ತೆಗೆದದ್ದು. ಕೈ ಮಗಳದ್ದು.

ಕಿತ್ತಳೆ! ನಮ್ಮದು ಕಪ್ಪು. ಇನ್ನೂ ಬದುಕಿದೆ. ಮೇಜಿನ ಮೇಲೆ ಸಕ್ಕರೆ ನೀರು ಕುಡಿಯುತ್ತಿದೆ. ಅದರ ಎದುರಿಗೇ ಅದು ಹಾರಿಹೋಯಿತು ಅಂತ ಬರೆದಿದ್ದಾಳೆ.

ಪುಟ ಹರಿದೆ. ನಾಲ್ಕು ಚೂರು.

ಮಗಳು ಕೂಗಾಡಿದಳು. ನಿನಗೆ ಅವಳ ಶಾಲೆಯ ಚಿಂತೆಯೂ ಇಲ್ಲ, ನನ್ನ ಚಿಂತೆಯೂ ಇಲ್ಲ, ನಿನ್ನ ಹಟ ಒಂದು ಗೆದ್ದರೆ ಸಾಕು ಅಂದಳು. ಅವಳನ್ನು ಮತ್ತೆ ಆ ಕ್ಲಾಸಿನಲ್ಲಿ ಕೂರಿಸಿ ಬರುವವಳು ನೀನಾ ಎಂದು ಕೇಳಿದಳು. ಇಷ್ಟಕ್ಕೆ ನಾನು ಏನಾದರೂ ಹೇಳುತ್ತಿದ್ದೆ. ಆದರೆ ಆಮೇಲೆ ಸ್ವರ ಇಳಿಸಿದಳು.

“ಅಮ್ಮ, ನಿನಗೆ ಅದು ಬೆಲ್ಟು ಅಂತ ಮೊದಲೇ ಗೊತ್ತಿತ್ತು ಅಲ್ವಾ?”

ಉತ್ತರ ಇತ್ತು. ನಾನು ಬಗ್ಗಿ ಆ ನಾಲ್ಕು ಚೂರನ್ನು ಆಯತೊಡಗಿದೆ.

ಮಾರ್ಚ್ 27

ಹೇಳಿಬಿಟ್ಟೆ. ಮಗಳಿಗಲ್ಲ, ಇರುವೆಗೆ.

ನನಗೆ ಹುಳದ ವಿಷಯ ಹೇಗೆ ಗೊತ್ತು ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಅಜ್ಜಿಗೆ ಹುಳ ಅಂದರೆ ಪ್ರೀತಿ ಅಂದುಕೊಂಡಿದ್ದಾಳೆ. ಪ್ರೀತಿ! ಇಪ್ಪತ್ತೆರಡು ವರ್ಷ ಸಸಿ ಮಾರುವ ನರ್ಸರಿಯಲ್ಲಿ ದುಡಿದವಳು ನಾನು. ನಿಂಬೆ ಸಸಿಯ ಸಾಲಿನಲ್ಲಿ ಬುಟ್ಟಿ ಹಿಡಿದು ನಡೆಯುವುದು, ಹುಳ ಕಂಡರೆ ಎರಡು ಬೆರಳಲ್ಲಿ ಹಿಡಿದು ಹಿಸುಕುವುದು. ಔಷಧಿಗಿಂತ ಹೆಂಗಸರ ಬೆರಳು ಅಗ್ಗ ಅನ್ನುತ್ತಿದ್ದ ಯಜಮಾನ. ಕೆಂಪು ಕೊಂಬಿನ ಆ ವಾಸನೆ ಮೂರು ಸಲ ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಗೂಡು ಕಂಡರೆ ಮೊದಲು ಉಗುರಿನಿಂದ ಬೆಲ್ಟ್ ಕೀಳಬೇಕು, ಆಮೇಲೆ ಬಾಲ. ಆ ದಾರ ಎಷ್ಟು ಗಟ್ಟಿ ಎಂದು ಯಾವ ಪುಸ್ತಕಕ್ಕೂ ಗೊತ್ತಿಲ್ಲ, ನನ್ನ ಉಗುರಿಗೆ ಗೊತ್ತು.

ಎಲ್ಲ ಹೇಳಿದೆ. ದಾರ ಯಾಕೆ ಎಂದು ನೀನು ಕೇಳಿದಾಗ ನನಗೆ ಗೊತ್ತಿತ್ತು, ಸಿಟ್ಟಿಗೆ ಹೇಳಲಿಲ್ಲ, ಕತ್ತರಿ ನಿನ್ನ ಕೈಲಿತ್ತು ಅಷ್ಟೇ, ಕತ್ತರಿಸಿದ್ದು ನನ್ನ ಸಿಟ್ಟು — ಅದನ್ನೂ ಹೇಳಿದೆ.

ಅವಳು ಹತ್ತಿಯನ್ನು ಸಕ್ಕರೆ ನೀರಿಗೆ ಅದ್ದಿ ಚಿಟ್ಟೆಯ ಮುಂದಿಟ್ಟಳು.

“ಎಷ್ಟು ಕೊಂದಿದ್ದೀ ಅಜ್ಜಿ?”

“ಎಣಿಸಿಲ್ಲ.”

“ನಂದು ಒಂದು,” ಅಂದಳು. ಆಮೇಲೆ, “ನೀನೂ ಇದನ್ನ ನಿನ್ನ ಬುಕ್ಕಲ್ಲಿ ಬರಿ. ನೋಡಿದ್ದು ಬರೀಬೇಕು ಅಂತ ಇದೆಯಲ್ಲ.”

ಬರೆದಿದ್ದೇನೆ.

ಮಾರ್ಚ್ 29

ಚಿಟ್ಟೆ ಸತ್ತಿತು. ಒಂಬತ್ತು ದಿನ ಬದುಕಿತು. ನಿಂಬೆ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಯಾರೂ ಅಳಲಿಲ್ಲ.

ಏಪ್ರಿಲ್ 3

ಹರಿದ ಪುಟದ ಜಾಗದಲ್ಲಿ ಇರುವೆ ಬಿಳಿ ಹಾಳೆ ಅಂಟಿಸಿ ತಾನೇ ಬರೆದಿದ್ದಾಳೆ. ಮೂರು ಚಿತ್ರ. ಬೆಲ್ಟ್ ಇರುವ ಗೂಡು, ತಲೆ ಮೇಲೆ. ಬಾಯಿ ತೆರೆದ ಕತ್ತರಿ. ಮುದುರಿದ ರೆಕ್ಕೆಯ ಕಪ್ಪು ಚಿಟ್ಟೆ, ಒಂದೊಂದು ಮಡಿಕೆಯೂ ಇದ್ದ ಹಾಗೇ. ಕೆಳಗೆ: ‘ನನ್ನ ಚಿಟ್ಟೆ ಹಾರಲಿಲ್ಲ. ಯಾಕೆಂದರೆ ನಾವು ಪುಸ್ತಕ ನೋಡಿದೆವು, ಅದನ್ನು ನೋಡಲಿಲ್ಲ.’

ಇಂಥದ್ದನ್ನು ಬರೆದ ಮಗುವಿಗೆ ಸಹಿ ಹಾಕದ ಕೈ ಯಾವುದೋ, ನಾನೂ ನೋಡುತ್ತೇನೆ.

ಮಗಳು ಅದನ್ನು ನಿಂತು ಓದಿದಳು. ಆಮೇಲೆ ಇಪ್ಪತ್ತೇಳನೇ ಪುಟ ಬಿಚ್ಚಿ, ನನ್ನ ಹಾಗೆ ಬೆರಳಿಟ್ಟು ಓದಿದಳು.

“‘ಎಲ್ಲ’ ಅಂತ ಹಾಕಿದಾರೆ ಅಮ್ಮ. ನಾನೂ ಒಂದು ಸಲ ಗಿಡ ನೋಡಿದ್ರೆ ಸಾಕಿತ್ತು.”

ನನಗೂ ಹೇಳುವುದಿತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ ಅಂತ, ಹೇಳಿದೆ. ಇಬ್ಬರೂ ಮುಖ ಗಂಟು ಹಾಕಿಕೊಂಡೇ ಹೇಳಿಕೊಂಡೆವು. ಅವಳದೊಂದೇ ಭಯ ಉಳಿದಿದೆ. ತಪಾಸಣೆಯವಳು ಪುಸ್ತಕವನ್ನೂ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾಳೆ. ಹೊಂದದಿದ್ದರೆ ಮಗುವಿನದೇ ತಪ್ಪು ಅನ್ನುತ್ತಾಳೆ, ಅಜ್ಜಿ ಹೇಳಿದಳು ಅಂದರೆ ನಡೆಯುವುದಿಲ್ಲ. ಪುಸ್ತಕ ಮಾಡಿದವರೇ ತಪ್ಪು ಎಂದು ಬರೆದುಕೊಟ್ಟರೆ ಮಾತ್ರ ನಡೆಯುತ್ತದೆ.

ಬರೆದುಕೊಡುತ್ತಾರೆ. ಯಾಕೆ ಕೊಡುವುದಿಲ್ಲ? ವಿಳಾಸ ಹಿಂದಿನ ರಟ್ಟಿನ ಮೇಲೇ ಇದೆ. ಮಗಳು ನೀನು ಹೇಳು, ನಾನು ಟೈಪ್ ಮಾಡ್ತೀನಿ ಅಂದಳು. ಬೇಡ. ನೀನು ಮಾಡಿದರೆ ‘ದಯವಿಟ್ಟು’ ಬಂದು ಕೂರುತ್ತದೆ.

ಏಪ್ರಿಲ್ 6, ಬೆಳಿಗ್ಗೆ ಹನ್ನೊಂದು

ಮೊದಲು ಇಲ್ಲಿ ಬರೆದು, ಆಮೇಲೆ ಒಳ್ಳೆ ಹಾಳೆಗೆ ಇಳಿಸುವುದು.

ಚಿತ್ರದ ಪುಸ್ತಕ ಮಾಡಿದವರಿಗೆ,

ನಿಮ್ಮ ಇಪ್ಪತ್ತೇಳನೇ ಪುಟ ತೆಗೆಯಿರಿ. ‘ಎಲ್ಲ’ ಎಂಬ ಮಾತಿನ ಮೇಲೆ ಬೆರಳಿಡಿ. ಇಟ್ಟಿರಾ? ಈಗ ಎದ್ದು ಹೋಗಿ ಒಂದು ನಿಂಬೆ ಗಿಡ ಹುಡುಕಿ. ಕುಂಡದ್ದಾದರೂ ಆದೀತು. ಅಲ್ಲಿರುವ ಗೂಡು ತಲೆ ಮೇಲೆ ಮಾಡಿ, ಸೊಂಟಕ್ಕೆ ಬೆಲ್ಟ್ ಕಟ್ಟಿ ಕೂತಿರುತ್ತದೆ. ಅದು ಕಸವಲ್ಲ, ಬಲೆಯಲ್ಲ. ನಿಮ್ಮನ್ನು ನಂಬಿ ಎಂಟು ವರ್ಷದ ಮಗು ಅದನ್ನು ಕತ್ತರಿಸಿತು. ಒಂದು ಚಿಟ್ಟೆ ಹಾರಲಿಲ್ಲ. ಒಂದು ಚಿಟ್ಟೆ ತಾನೇ ಅನ್ನಬೇಡಿ. ಆ ಮಗು ತನ್ನಪ್ಪನ ಬೆಲ್ಟನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟಿತು. ನಿಮ್ಮ ಪುಸ್ತಕ ಎಷ್ಟು ಮನೆಯಲ್ಲಿದೆ? ಎಷ್ಟು ಕತ್ತರಿ?

ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ನನ್ನ ಪಾಲಿನ ತಪ್ಪನ್ನು ನಾನು ಮಗುವಿನ ಎದುರು ಕೂತು ಒಪ್ಪಿಕೊಂಡಿದ್ದೇನೆ. ಮೂರನೇ ಕ್ಲಾಸಿನವಳ ಕೈಯಲ್ಲಿ ಆಗಿದ್ದು ನಿಮಗೆ ಆಗದೇ?

ಮಗುವಿನ ಹೆಸರಿಗೆ ಬರೆಯಿರಿ, ನನ್ನ ಹೆಸರಿಗಲ್ಲ. ಅಚ್ಚಿನ ಕಾಗದ ಬೇಡ, ಕೈಬರಹ. ಅವಳು ಕಂಡದ್ದು ಸರಿ, ನೀವು ಬರೆದದ್ದು ತಪ್ಪು ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿ. ಚಿತ್ರ ಬಿಡಿಸಿದವರೂ ಹಾಕಲಿ. ಮೇ ತಿಂಗಳಲ್ಲಿ ಒಬ್ಬಳು ಬಂದು ಅವಳ ನೋಟ್‌ಬುಕ್ಕನ್ನು ನಿಮ್ಮ ಪುಸ್ತಕದ ಪಕ್ಕ ಇಡುತ್ತಾಳೆ. ಆಗ ನಿಮ್ಮ ಕಾಗದ ಮಧ್ಯದಲ್ಲಿರಬೇಕು. ಅಂಚೆ ತಡವಾಯಿತು, ಯಜಮಾನರು ಊರಲ್ಲಿರಲಿಲ್ಲ, ಇವೆಲ್ಲ ನನ್ನ ಹತ್ತಿರ ನಡೆಯುವುದಿಲ್ಲ. ನಾನು

ಇರುವೆ ಬಾಲ್ಕನಿಯಿಂದ ಕರೆಯುತ್ತಿದ್ದಾಳೆ. ಗಿಡದಲ್ಲಿ ಇನ್ನೊಂದು ಹುಳ ತಿನ್ನುವುದು ಬಿಟ್ಟಿದೆಯಂತೆ, ದಾರ ಎಳೆಯುತ್ತಿದೆಯಂತೆ. ಅಜ್ಜಿ, ಅದು ಎಷ್ಟು ಸುತ್ತು ಸುತ್ತುತ್ತೆ ಅಂತ ಕೇಳುತ್ತಿದ್ದಾಳೆ. ಪುಸ್ತಕವನ್ನಲ್ಲ, ನನ್ನನ್ನು. ಬಂದೆ ಕಣೇ, ಬಂದೆ.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ. ಬರೆಯದಿದ್ದರೆ — ಇರಿ, ಹುಳ ಕಾಯುವುದಿಲ್ಲ, ನೋಡಿ ಬಂದು ಮುಗಿಸುತ್ತೇನೆ.